ಐದು ಸಾವಿರ ಲೇಬಲ್ಲಿಗೆ ಒಂದೇ ನಂಬರು

ಪುಡಿಯಕ್ಕನ ಗುಣ ಬೀದಿಗೆಲ್ಲ ಗೊತ್ತಿತ್ತು. ಕೈ ಚೊಕ್ಕಟ, ಬಾಯಿ ಜೋರು, ತನ್ನ ಕೆಲಸದಲ್ಲಿ ಬೇರೆಯವರು ಮೂಗು ತೂರಿಸಿದರೆ ಸುತರಾಂ ಆಗದು. ಧಾನ್ಯ, ಬೇಳೆ ಹುರಿದು ಬೀಸಿ, ಅದಕ್ಕೆ ಕಬ್ಬಿಣಾಂಶದ ಪುಡಿಯನ್ನು ಅಳತೆಯಾಗಿ ಬೆರೆಸಿ, ಮಕ್ಕಳ ಪೌಷ್ಟಿಕ ಪುಡಿ ಎಂದು ಪೊಟ್ಟಣ ಕಟ್ಟಿ ಮಾರುತ್ತಿದ್ದಳು. ಹನ್ನೊಂದು ವರ್ಷದ ಕಸುಬು. ಹಿಂದಿನ ಕೋಣೆಯಲ್ಲಿ ಬೀಸುವ ಯಂತ್ರ, ಮುಂದಿನದರಲ್ಲಿ ತೂಕದ ಯಂತ್ರ, ಸಹಾಯಕ್ಕೆ ಒಬ್ಬಳೇ ವಾರಗಿತ್ತಿ.

ಲೈಸೆನ್ಸ್ ಕೊಡುವಾಗ ಆಹಾರ ಸುರಕ್ಷತೆಯ ಆಫೀಸರಮ್ಮ, "ಪ್ರತಿ ಸಲ ಬೀಸಿದಾಗ್ಲೂ ಬೇರೆ ಬ್ಯಾಚ್ ನಂಬರ್ ಹಾಕ್ಬೇಕಮ್ಮಾ" ಎಂದು ಬಿಡಿಸಿ ಹೇಳಿದ್ದರು. ಪುಡಿಯಕ್ಕ ಹೂಂಗುಟ್ಟಿದಳು, ನೆಟ್ಟಗೆ ಪ್ರೆಸ್ಸಿಗೆ ಹೋದಳು, ಐದು ಸಾವಿರ ಲೇಬಲ್ ಒಟ್ಟಿಗೇ ಮಾಡಿಸಿಕೊಂಡು ಬಂದಳು. ಎಲ್ಲದರ ಮೇಲೂ ಬ್ಯಾಚ್ ನಂಬರ್ ಒಂದು!

"ನಮ್ಮನೆಗೆ ಒಂದೇ ನಂಬರ್ ತಾನೆ? ಪುಡಿಗ್ಯಾಕೆ ದಿನಕ್ಕೊಂದು?" ಎಂದು ವಾರಗಿತ್ತಿಯ ಮುಂದೆ ನಕ್ಕಿದ್ದಳು. ಎಂಥ ಜಾಣೆ ನೋಡಿ!

ಶನಿವಾರ ಬೆಳಿಗ್ಗೆ ಕಬ್ಬಿಣಾಂಶದ ಡಬ್ಬಿಯ ಮುಚ್ಚಳ ತೆಗೆದವಳು ವಾರಗಿತ್ತಿಯನ್ನು ಕೂಗಿ ಕರೆದಳು. ತಿಂಗಳಿಗೆ ಬರಬೇಕಾದ ಪುಡಿ ತಳ ಕಂಡಿತ್ತು.

"ಗುರುವಾರ ನೀನೇ ಬೆರೆಸಿದ್ದಲ್ವೇನೇ? ಯಾವುದ್ರಲ್ಲಿ ಅಳೆದೆ?"

ವಾರಗಿತ್ತಿ ಗೋಡೆಯ ಮೊಳೆಗೆ ತೂಗುಹಾಕಿದ್ದ ದೊಡ್ಡ ಸೌಟನ್ನು ತೋರಿಸಿದಳು. "ಚಿಕ್ಕ ಚಮಚ ತೊಳೆಯೋಕೆ ಹಾಕಿತ್ತಕ್ಕಾ. ಲೆಕ್ಕ ಸರಿಯಾಗೇ ಹಾಕ್ದೆ, ಹನ್ನೆರಡು."

ಹನ್ನೆರಡು ಚಮಚದ ಜಾಗದಲ್ಲಿ ಹನ್ನೆರಡು ಸೌಟು! ಕಬ್ಬಿಣಾಂಶ ಮಿತಿಮೀರಿದರೆ ಎಳೆ ಮಗುವಿನ ಜೀವಕ್ಕೇ ಕುತ್ತು ಎಂದು ಡಬ್ಬಿಯ ಮೇಲೆ ಕೆಂಪಕ್ಷರದಲ್ಲಿ ಬರೆದಿತ್ತು. ಗುರುವಾರದ್ದು ನಲವತ್ತು ಪೊಟ್ಟಣ, ಎಲ್ಲವೂ ಅಂಗಡಿ ಸೇರಿ ಎರಡು ದಿನವಾಗಿತ್ತು.

"ಆಫೀಸಿಗೆ ಮಾತ್ರ ಹೇಳ್ಬೇಡಿ ಅಕ್ಕಾ, ನಿಮ್ಮ ದಮ್ಮಯ್ಯ! ಬಾಗಿಲು ಮುಚ್ಚಿಸಿಬಿಡ್ತಾರೆ. ನಾವೇ ಹೋಗಿ ನಲವತ್ತೂ ವಾಪಸ್ ತಂದ್ಬಿಡೋಣ."

ಪುಡಿಯಕ್ಕನಿಗೂ ಬೇಕಾಗಿದ್ದುದು ಅದೇ ಮಾತು. ಚೀಲ ಹಿಡಿದು ಮೂಲೆಯಂಗಡಿಗೆ ಓಡಿದಳು. ಕಪಾಟಿನಲ್ಲಿ ಹದಿನಾಲ್ಕು ಪೊಟ್ಟಣ ಸಾಲಾಗಿ ನಿಂತಿದ್ದವು. ಹಳೆಯವು ಯಾವುವು, ಗುರುವಾರದವು ಯಾವುವು? ಒಂದೊಂದನ್ನೇ ತಿರುಗಿಸಿ ನೋಡಿದಳು. ಒಂದು, ಒಂದು, ಒಂದು.

"ಇದ್ರಲ್ಲಿ ಎಷ್ಟು ಮಾರಿದ್ದೀಯಪ್ಪಾ? ಯಾರ್ಯಾರಿಗೆ?"

"ಒಳ್ಳೆ ಕಥೆ ನಿಂದು! ಬಂದೋರ ಹೆಸರೆಲ್ಲ ಬರ್ಕೊಳ್ಳೋಕೆ ನಾನೇನು ಮೇಷ್ಟ್ರಾ?" ಅಂಗಡಿಯವನು ನಕ್ಕ. ಅವಳ ಮುಖ ನೋಡಿ ನಗು ನಿಲ್ಲಿಸಿದ. "ನಿನ್ನೆ ಇವತ್ತು ಸೇರಿ ಎಂಟೋ ಒಂಬತ್ತೋ ಹೋಗಿರ್ಬೇಕು. ಯಾಕಕ್ಕಾ?"

ಇದು ಒಂದು ಅಂಗಡಿಯ ಮಾತು. ಇನ್ನೂ ನಾಲ್ಕಿದ್ದವು. ಒಂದು ಕ್ಷಣ, ಒಂದೇ ಕ್ಷಣ, ಯಾರಿಗೂ ಏನೂ ಆಗಲಿಕ್ಕಿಲ್ಲ, ಬಾಯಿ ಮುಚ್ಚಿಕೊಂಡು ಮನೆಗೆ ಹೋಗಿಬಿಡೋಣ ಎನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕುಳಿತು ಆಫೀಸರಮ್ಮನಿಗೆ ಫೋನ್ ಮಾಡಿದಳು.

ಆಕೆ ಬೈಯಲಿಲ್ಲ. "ಯಾವ ಬ್ಯಾಚ್?" ಎಂದಷ್ಟೇ ಕೇಳಿದರು.

"ಎಲ್ಲಾ ಒಂದೇ ಮೇಡಂ."

"ಹಾಗಾದ್ರೆ ಎಲ್ಲಾನೂ ವಾಪಸ್ ತರಿಸ್ಬೇಕು" ಎಂದರು.

ಅರ್ಧ ಗಂಟೆಯಲ್ಲಿ ಮೈಕು ಕಟ್ಟಿದ ವ್ಯಾನು ಬೀದಿಬೀದಿ ಸುತ್ತತೊಡಗಿತು. ಪುಡಿಯಕ್ಕನ ಪುಡಿಯನ್ನು ಮಕ್ಕಳಿಗೆ ಕೊಡಬೇಡಿ, ಉಳಿದದ್ದನ್ನು, ಕಲಸಿದ್ದನ್ನೂ ತಂದು ಒಪ್ಪಿಸಿ, ಕೊಟ್ಟಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಹನ್ನೊಂದು ವರ್ಷದಲ್ಲಿ ಗಳಿಸಿದ ಹೆಸರು ಮೈಕಿನಲ್ಲಿ ಹೀಗೆ ಹರಾಜಾಯಿತು. ಜನ ಪೊಟ್ಟಣಗಳನ್ನು ತಂದು ಬಾಗಿಲಿಗೆ ಎಸೆದು, ಬಾಯಿಗೆ ಬಂದಂತೆ ಬೈದು ಹೋದರು. ಪುಡಿಯಕ್ಕ ಎಲ್ಲವನ್ನೂ ಆರಿಸಿ ಗೋಣಿಗೆ ತುಂಬಿದಳು. ಆಫೀಸರಮ್ಮ ಯಂತ್ರಕ್ಕೆ ಮೊಹರು ಹಾಕಿಸುತ್ತಿದ್ದರು. ವಾರಗಿತ್ತಿ ಒಳಗೆ ಮುಸುಮುಸು ಅಳುತ್ತಿದ್ದಳು.

ಸಂಜೆ ಒಬ್ಬ ತಾಯಿ ಬಂದಳು. ಕೈಯಲ್ಲಿ ಹರಿದ ಪೊಟ್ಟಣ, ತಟ್ಟೆ ಮುಚ್ಚಿದ ಒಂದು ಬಟ್ಟಲು. ಬೈಯುತ್ತಾಳೆಂದು ಪುಡಿಯಕ್ಕ ತಲೆ ತಗ್ಗಿಸಿ ನಿಂತಳು. ಅವಳು ಬೈಯಲಿಲ್ಲ. ದಣಿದ ದನಿಯಲ್ಲಿ ಹೇಳಿದಳು:

"ಬೆಳಿಗ್ಗೆಯಿಂದ ಮಗು ವಾಂತಿ ಮಾಡ್ತಿತ್ತು. ಏನೂ ನಿಲ್ತಾ ಇರ್ಲಿಲ್ಲ. ಪಾಪ, ಸುಸ್ತಾಗಿದೆ, ಶಕ್ತಿ ಬರ್ಲಿ ಅಂತ ನಿಮ್ಮ ಪುಡೀನೇ ಮತ್ತೆ ಕಲಸ್ದೆ. ಚಮಚ ಬಾಯಿ ಹತ್ರ ಹಿಡಿದಿದ್ದೆ, ಅಷ್ಟ್ರಲ್ಲಿ ಮೈಕ್ ಕೇಳಿಸ್ತು."

"ಮಗು?" ಪುಡಿಯಕ್ಕ ಕೇಳಿದಳು.

"ಆಸ್ಪತ್ರೇಲಿ ಅಜ್ಜಿ ಜೊತೆಗಿದೆ. ಬದುಕ್ತು ಅಂದ್ರು ಡಾಕ್ಟ್ರು. ಈ ಬಟ್ಟಲೂ ಒಳಗೆ ಹೋಗಿದ್ರೆ ಹೇಳೋಕಾಗ್ತಿರ್ಲಿಲ್ಲ ಅಂದ್ರು."

ಆಫೀಸರಮ್ಮ ಪರೀಕ್ಷೆಗೆ ಕಳಿಸಲು ಬಟ್ಟಲನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಕಟ್ಟಿ, ಚೀಟಿ ಅಂಟಿಸಿ, ತಯಾರಿಸಿದವರ ಸಹಿ ಎಂದಿದ್ದ ಜಾಗಕ್ಕೆ ಬೆರಳಿಟ್ಟು ಪೆನ್ನು ಕೊಟ್ಟರು. ಪುಡಿಯಕ್ಕ ಚೀಟಿಯ ಮೇಲೆ ಪೆನ್ನು ಊರಿದಳು. ಊರಿದಾಗಲೆಲ್ಲ ಚೀಲ ಜಾರುತ್ತಿತ್ತು. ಕೊನೆಗೆ ಆ ತಾಯಿಯೇ ಚೀಲ ಅಲುಗದಂತೆ ಒತ್ತಿ ಹಿಡಿದು, "ಹಾಕಿ" ಎಂದಳು.