ಸೀಸೆಯ ತಳದಲ್ಲಿ ಸಿಕ್ಕ ಕೈ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಡಲು ಇಳಿದಿದೆ. ಹಳೇ ದೋಣಿಕಟ್ಟೆಯ ಕೊನೆಯ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕುಕ್ಕರುಗಾಲಲ್ಲಿ ಕೂತು ಮರದ ಕಂಬವೊಂದರ ಬೆನ್ನು ಕೆರೆಯುತ್ತಿದ್ದಾರೆ. ಕಂಬಕ್ಕೆ ಹಿತವಾಗಿದೆಯೋ ಏನೋ, ಅವರ ಮುಖದಲ್ಲಂತೂ ಹಿತವಿಲ್ಲ. ಹಣೆಗೆ ಕಟ್ಟಿದ ದೀಪ, ಮೊಣಕಾಲುದ್ದದ ರಬ್ಬರ್ ಬೂಟು, ಕೈಯಲ್ಲಿ ಅಡುಗೆಮನೆಯಿಂದ ವರ್ಗವಾಗಿ ಬಂದ ಹಳೆಯ ಸಟ್ಟುಗ. ಕೆರೆದ ಪಾಚಿ ಮುದ್ದೆಮುದ್ದೆಯಾಗಿ ಬಕೆಟ್ಟಿಗೆ ಬೀಳುತ್ತದೆ. ಪ್ರತಿ ಮುದ್ದೆಗೂ ಒಮ್ಮೆ ಕತ್ತು ತಿರುಗಿಸಿ ನೀರು ಎಲ್ಲಿಯವರೆಗೆ ಬಂತೆಂದು ನೋಡುತ್ತಾರೆ.

“ಅಲ್ಲಿ ಕಾಲಿಡಬೇಡಿ,” ಅನ್ನುತ್ತಾರೆ, ನೋಡಲು ಬಂದವರ ಕಡೆ ತಿರುಗದೆಯೇ. “ನೀವು ತುಳಿದ ಕಡೆನೇ ಅದು ಇದ್ರೆ ಏನು ಮಾಡೋಣ?”

‘ಅದು’ ಜೀರಿಗೆ ಕಾಳಿನಷ್ಟುದ್ದದ ಒಂದು ಕಡಲ ಪ್ರಾಣಿ. ಸಿಗಡಿಯ ದೂರದ ನೆಂಟ. ಆದರೆ ಸಿಗಡಿಗೆ ಸಿಗುವ ಮರ್ಯಾದೆ ಇದಕ್ಕಿಲ್ಲ, ಯಾಕೆಂದರೆ ಮೀನುಗಳ ಹೊರತು ಇದನ್ನು ಯಾರೂ ತಿನ್ನುವುದಿಲ್ಲ. ಬಲ್ಲವರು ಈ ಗುಂಪನ್ನು ಆಂಫಿಪಾಡ್ ಅನ್ನುತ್ತಾರೆ. ಅವುಗಳ ಪಾಡು ಯಾರಿಗೂ ಬೇಡ. ಬಾಗಿಲ ಸಂದಿಗೆ ಸಿಕ್ಕಿ ಬಿಡಿಸಿಕೊಂಡು ಬಂದಂತೆ ಎಡಬಲಗಳಿಂದ ಚಪ್ಪಟೆಯಾದ ಮೈ, ಬಿಲ್ಲಿನಂಥ ಬೆನ್ನು. ಕಾಲುಗಳಲ್ಲಿ ಕೆಲವು ಮುಂದಕ್ಕೆ ಹೋಗೋಣ ಅನ್ನುತ್ತವೆ, ಉಳಿದವು ಹಿಂದಕ್ಕೆ, ಥೇಟ್ ಸಮಿತಿಯ ಸಭೆಯ ಹಾಗೆ. ನೀರಿಂದ ತೆಗೆದು ನೆಲಕ್ಕೆ ಬಿಟ್ಟರೆ ಪಕ್ಕಕ್ಕೆ ಬೀಳುತ್ತದೆ, ಬಿದ್ದಲ್ಲೇ ಕಾಲಾಡಿಸಿಕೊಂಡು ಮುಂದೆ ಹೋಗುತ್ತದೆ. ಇಂಥವುಗಳಲ್ಲಿ ಸಾವಿರಾರು ಜಾತಿಗಳಿವೆ. ಬರಿಗಣ್ಣಿಗೆ ಎಲ್ಲವೂ ಒಂದೇ. ಬೇರೆಬೇರೆ ಅನ್ನುವುದು ಗೊತ್ತಾಗುವುದು ಹೆಚ್ಚಾಗಿ ಕಾಲುಗಳಿಂದ: ಯಾವ ಕಾಲಿಗೆ ಎಷ್ಟು ಮುಳ್ಳು, ಯಾವ ಗೆಣ್ಣು ಗಿಡ್ಡ, ಯಾವುದು ಉದ್ದ.

ಅದನ್ನು ನೋಡಿ ಹೇಳುವುದು ಈಕೆಯ ಕೆಲಸ. ಸಮುದ್ರ ಸಂಶೋಧನಾ ಕೇಂದ್ರದಲ್ಲಿ ಕೂದಲು ಕಪ್ಪಗಿದ್ದಾಗ ಸೇರಿದವರು, ಈಗ ಅದು ಬೆಳ್ಳಗಾಗಿದೆ. ಹುದ್ದೆಗೆ ‘ಸಹಾಯಕಿ’ ಎಂಬ ಹೆಸರು. ಕೇಂದ್ರದವರು ಇಟ್ಟ ಹೆಸರು ಇನ್ನೊಂದಿದೆ: ಕಾಲಜ್ಞಾನಿ. ಇವರು ಭವಿಷ್ಯ ಹೇಳುವುದಿಲ್ಲ, ಕಾಲು ನೋಡಿ ಕುಲ ಹೇಳುತ್ತಾರೆ. ಅವರು ಕೂರುವ ನೆಲಮಾಳಿಗೆಯ ಕೋಣೆಗೆ ಇರುವುದು ಒಂದೇ ಕಿಟಕಿ, ಅದೂ ಸೂರಿಗೆ ತಾಗಿದಂತೆ ರಸ್ತೆಯ ಮಟ್ಟದಲ್ಲಿ. ಅಲ್ಲಿಂದ ಕಾಣುವುದು ಹೋಗಿ ಬರುವವರ ಪಾದಗಳು ಮಾತ್ರ. “ನಿರ್ದೇಶಕರು ಬಂದ್ರು, ಇವತ್ತು ಕೋಪದಲ್ಲಿದ್ದಾರೆ,” ಎಂದು ಚಪ್ಪಲಿ ನೋಡಿಯೇ ಹೇಳಿ ಕೋಣೆಯವರನ್ನು ಎಷ್ಟೋ ಸಲ ಬಚಾವು ಮಾಡಿದ್ದಾರಂತೆ.

ಪ್ರಾಣಿಗಳು ಹೇಗೆ ನಡೆಯುತ್ತವೆ ಎಂದು ಕೇಳಿದರೆ ಸಟ್ಟುಗ ಕೆಳಗಿಟ್ಟು ಬೆರಳುಗಳಲ್ಲೇ ತೋರಿಸುತ್ತಾರೆ. ಒಂದು ಬಗೆ ಜಾರಿ ಬಿದ್ದವರು ಯಾರೂ ನೋಡಲಿಲ್ಲವೆಂದುಕೊಂಡು ಏಳುವ ಹಾಗೆ. ಇನ್ನೊಂದು ಕಡ್ಡಿಯಂಥದ್ದು, ಪಾಚಿಗೆ ಕಾಲು ಕೊಟ್ಟು ನಿಂತು ಕಂಡಕಂಡವರಿಗೆಲ್ಲ ಬಾಗಿ ಕೈಮುಗಿಯುತ್ತದೆ. “ಇದು ಚುನಾವಣೆಗೆ ನಿಂತಿರೋದು,” ಅನ್ನುತ್ತಾರೆ. ಒಂದು ಕ್ಷಣ ನಗು ಬರುತ್ತದೆ. ಮರುಕ್ಷಣ ಮತ್ತೆ ನೀರಿನ ಕಡೆ ನೋಟ.

ಈ ಗಾಬರಿಗೆ ಕಾರಣವಿದೆ. ಕೆಲವು ತಿಂಗಳ ಹಿಂದೆ ಇದೇ ಕಂಬಗಳ ಪಾಚಿಯಲ್ಲಿ ಅವರಿಗೊಂದು ಜೋಡಿ ಸಿಕ್ಕಿತ್ತು. ಈ ಪ್ರಾಣಿಗಳಲ್ಲಿ ಕೆಲವು ಜಾತಿಯ ಗಂಡುಗಳು ಕೂಡುವ ಮುಂಚೆ ಹೆಣ್ಣನ್ನು ಮೈಯಡಿ ಹಿಡಿದುಕೊಂಡು ದಿನಗಟ್ಟಲೆ ಓಡಾಡುತ್ತವೆ. ಮುಂದಿನ ಸಣ್ಣ ಕೈಗಳು ಹೆಂಡತಿಗೆ, ಹಿಂದಿನ ದೊಡ್ಡ ಕೈಗಳು ಅಡ್ಡ ಬಂದವರಿಗೆ. ಆ ಗಂಡಿನ ದೊಡ್ಡ ಕೈಯ ಅಂಗೈ ಅಂಚಿನಲ್ಲಿ, ಒಳಕ್ಕೆ ಕೊರೆದ ಹಾಗೆ, ಒಂದು ಕಚ್ಚು ಕಂಡಿತು. ಅಂಥದ್ದನ್ನು ಅವರು ಎಂದೂ ನೋಡಿರಲಿಲ್ಲ.

ಅಲ್ಲೇ ಎಡವಟ್ಟಾಯಿತು. ಸಿಕ್ಕ ಪ್ರಾಣಿಯನ್ನು ಮೊದಲು ಮಂಜುಗಡ್ಡೆಯ ಮೇಲಿಟ್ಟು ಮರಗಟ್ಟಿಸಬೇಕು, ಆಮೇಲೆ ಸ್ಪಿರಿಟ್ಟನ್ನು ಸ್ವಲ್ಪಸ್ವಲ್ಪವೇ ಬೆರೆಸಬೇಕು. ಅಂದು ತಂದಿದ್ದ ಮಂಜು ಕರಗಿಹೋಗಿತ್ತು, ನೀರು ಏರುತ್ತಿತ್ತು, ಕೇಂದ್ರದ ಜೀಪಿನವನು ಹಾರ್ನ್ ಒತ್ತುತ್ತಿದ್ದ. ತಟ್ಟೆಯಲ್ಲಿದ್ದುದನ್ನೆಲ್ಲ ಒಂದೇ ಸೀಸೆಗೆ ಸುರಿದು ಮೇಲಿಂದ ನೇರವಾಗಿ ಸ್ಪಿರಿಟ್ ಹುಯ್ದರು. ಹಾಗೆ ಮಾಡಿದರೆ ಇವು ಬೆಚ್ಚಿಬಿದ್ದು ಕೈಕಾಲು ಉದುರಿಸುತ್ತವೆ. ಜೋಡಿ ಬೇರಾಯಿತು. ಕೋಣೆಗೆ ಬಂದು ಮಸೂರದಲ್ಲಿ ನೋಡಿದರೆ ಗಂಡಿನ ದೊಡ್ಡ ಕೈಗಳೆರಡೂ ಮೈಮೇಲಿಲ್ಲ. ಸೀಸೆಯ ತಳದಲ್ಲಿ ಕಚ್ಚು ಇರುವ ಕೈ ಒಂದೇ ಒಂದು ಬಿದ್ದಿತ್ತು, ಇನ್ನೊಂದು ಸಿಗಲೇ ಇಲ್ಲ. ಅದೇ ಸೀಸೆಯಲ್ಲಿ ಬೇರೊಂದು ಮಾಮೂಲಿ ಜಾತಿಯ ಮುದಿ ಗಂಡುಗಳೂ ಇದ್ದವು, ಅವುಗಳ ಕೈಗಳೂ ಉದುರಿದ್ದವು. ಮುದಿ ಗಂಡುಗಳ ಅಂಗೈ ಒಮ್ಮೊಮ್ಮೆ ಸವೆದು ಇಂಥದ್ದೇ ಕಚ್ಚು ಬೀಳುವುದುಂಟು.

ಹಾಗಾದರೆ ಆ ಕೈ ಯಾರದು?

ಕೇಂದ್ರದ ವಿಜ್ಞಾನಿ ಮೇಡಂ ಇದನ್ನು ಹೊಸ ಜಾತಿಯೆಂದು ಜಗತ್ತಿಗೆ ಸಾರುವ ಲೇಖನ ಬರೆದು ಮುಗಿಸಿದ್ದರು. ಹೊಸದೆನ್ನಲು ಮುಖ್ಯ ಸಾಕ್ಷಿ ಆ ಕೈ. ಲೇಖನ ಕಳಿಸುವ ದಿನ ಈಕೆಯೇ ಹೋಗಿ ತಡೆದರು. “ನಾನು ನೋಡಿದ್ದೆ, ಮೈಮೇಲಿದ್ದಾಗಲೇ ನೋಡಿದ್ದೆ. ಆದ್ರೆ ಈಗ ನನಗೇ ಅನುಮಾನ,” ಅಂದರಂತೆ. ಅನುಮಾನ ಹುಟ್ಟಿಸಿದವನು ಕಣ್ಣಿನ ವೈದ್ಯ. ಎಡಗಣ್ಣಲ್ಲಿ ಪೊರೆ ಬಲಿತಿದೆ, ತೆಗೆಸಲೇಬೇಕು ಎಂದು ಅದೇ ವಾರ ಹೇಳಿದ್ದ.

“ಬೇರೆಯವರ ಕೈ ತಂದು ಇದಕ್ಕೆ ಅಂಟಿಸಿ, ಇಲ್ಲದ ಪ್ರಾಣಿಗೆ ಹೆಸರಿಟ್ಟ ಹಾಗಾದ್ರೆ?” ಎಂದು ಕೇಳುತ್ತಾರೆ, ಕಂಬ ಕೆರೆಯುತ್ತಲೇ. “ಆಮೇಲೆ ನಾನು ಇಷ್ಟು ದಿನ ವಿಂಗಡಿಸಿದ್ದೆಲ್ಲ ಏನು? ಯಾವುದನ್ನ ನಂಬೋದು? ಕೈ ಅದರದ್ದಲ್ಲ ಅಂತಾದ್ರೆ ನಾನು ಆ ಸ್ಟೂಲಿಂದ ಇಳೀತೀನಿ, ಕೆಲಸ ಬಿಡ್ತೀನಿ. ಮೇಡಂಗೆ ಹೇಳಿಬಿಟ್ಟಿದ್ದೀನಿ.”

ಇದನ್ನು ತೀರ್ಮಾನಿಸಲು ಇರುವ ದಾರಿ ಒಂದೇ, ಕೈ ಕಳಚದ ಇನ್ನೊಂದು ಗಂಡು ಸಿಗಬೇಕು. ಆ ಜಾತಿ ಈವರೆಗೆ ಕಂಡಿರುವುದು ಈ ಕಂಬಗಳ ಮೇಲೆ ಮಾತ್ರ. ಸೋಮವಾರ ಕಟ್ಟೆಯ ರಿಪೇರಿಯವರು ಯಂತ್ರ ತಂದು ಕಂಬಗಳನ್ನೆಲ್ಲ ಉಜ್ಜಿ ಬೋಳಿಸಿ ಸಿಮೆಂಟಿನ ಅಂಗಿ ತೊಡಿಸುತ್ತಾರೆ. ಇವತ್ತು ಶನಿವಾರ. ನಾಳೆಯಿಂದ ನೀರು ಇಷ್ಟು ಕೆಳಗೆ ಇಳಿಯುವುದಿಲ್ಲ.

ಮನೆಯಲ್ಲೂ ಈಗ ಇದೇ ಮಾತು. ಗಂಡ ಗಡಿಯಾರ ರಿಪೇರಿ ಮಾಡುವವರು. ಮನೆಯ ಮುಂದಿನ ಕೋಣೆಯೇ ಅಂಗಡಿ, ಗೋಡೆ ತುಂಬ ಗಡಿಯಾರ, ಒಂದರ ಸಮಯ ಇನ್ನೊಂದು ಒಪ್ಪುವುದಿಲ್ಲ. “ಮನೇಲಿ ಇಬ್ಬರು ಕಾಲಜ್ಞಾನಿಗಳು. ನಾನು ಮುಳ್ಳು ನೋಡ್ತೀನಿ, ಅವಳೂ ಮುಳ್ಳೇ ನೋಡ್ತಾಳೆ. ನನ್ನವು ಒದೆಯಲ್ಲ, ಅಷ್ಟೇ ವ್ಯತ್ಯಾಸ,” ಅನ್ನುತ್ತಾರೆ. ಮದುವೆಯಾದ ಹೊಸತರಲ್ಲಿ ಅವರ ಚಿಮುಟ ಕಾಣೆಯಾಗುತ್ತಿತ್ತಂತೆ. ಬಲಗಣ್ಣಿನ ಗುಳಿಗೆ ಸಿಕ್ಕಿಸಿಕೊಳ್ಳುವ ಅವರ ಮಸೂರವೂ ಒಂದು ದಿನ ಹೋಯಿತು. ಈಗ ಅದು ದಾರ ಕಟ್ಟಿಸಿಕೊಂಡು ಹೆಂಡತಿಯ ಕತ್ತಿನಲ್ಲಿ ನೇತಾಡುತ್ತಿದೆ.

ಅತ್ತೆಯದು ಬೇರೆಯೇ ಧಾಟಿ. ಬಾಗಿಲಲ್ಲಿ ಕೂತು, ಹಲ್ಲಿಲ್ಲದ ಬಾಯಲ್ಲಿ ಒಂದೊಂದು ಮಾತನ್ನೂ ಎಳೆದು ಬಿಡುತ್ತಾರೆ. “ನನ್ನ ಸೊಸೆ ಬೆಳಗಾದ್ರೆ ಕಾಲು ಹಿಡೀತಾಳೆ ಕಣಪ್ಪಾ. ನನ್ನದಲ್ಲ.” ಆಮೇಲೆ ದನಿ ತಗ್ಗಿಸಿ, “ಮೂರು ದಿನದಿಂದ ಸರಿಯಾಗಿ ಉಂಡಿಲ್ಲ. ಕಣ್ಣಿಗೆ ಚಿಕಿತ್ಸೆ ಮಾಡಿಸ್ಕೋ ಅಂದ್ರೆ, ಅದು ಸಿಗಲಿ ಆಮೇಲೆ ಅಂತಾಳೆ. ಸಿಗದಿದ್ರೆ?”

ಆ ‘ಸಿಗದಿದ್ರೆ’ ಈಗ ದೋಣಿಕಟ್ಟೆಯ ಮೇಲೂ ಬಂದು ಕೂತಿದೆ. ನೀರು ಕೆಳಗಿನ ಮೆಟ್ಟಿಲನ್ನು ನೆಕ್ಕುತ್ತಿದೆ. ಬಕೆಟ್ಟಿನ ಪಾಚಿಯನ್ನು ಕೊಡವಿ, ಜರಡಿ ಹಿಡಿದು, ಉಳಿದದ್ದನ್ನು ಬಿಳಿ ತಟ್ಟೆಗೆ ಸುರಿಯುತ್ತಾರೆ. ತಟ್ಟೆಯೆಲ್ಲ ಮಿಣಮಿಣ. ಮಸೂರವನ್ನು ಬಲಗಣ್ಣಿಗೆ ಸಿಕ್ಕಿಸಿ ಮೂಗು ತಾಗುವಷ್ಟು ಬಾಗುತ್ತಾರೆ. “ಇದು ಮಾಮೂಲಿ. ಇದೂ ಮಾಮೂಲಿ. ಇದು ಮರಿ. ಇದು ಚುನಾವಣೆಯವನು, ಹೋಗಪ್ಪ ಆಚೆ.” ಮೊದಲ ತಟ್ಟೆ ವಾಪಸ್ ಕಡಲಿಗೆ. ಎರಡನೆಯದೂ ಹಾಗೇ. ಮೂರನೆಯದರಲ್ಲಿ ಬೇಕಾದ ಜಾತಿಯ ಹೆಣ್ಣೊಂದು ಸಿಗುತ್ತದೆ, ಒಂಟಿಯಾಗಿ. ಹೆಣ್ಣಿನ ಕೈ ಚಿಕ್ಕದು, ಕಚ್ಚಿನ ಪ್ರಶ್ನೆಯೇ ಇಲ್ಲ.

“ಇವಳ ಯಜಮಾನ ಎಲ್ಲೋ ಇಲ್ಲೇ ಇರಬೇಕು,” ಅನ್ನುತ್ತಾರೆ. ದನಿ ಗಟ್ಟಿಯಿಲ್ಲ.

ನೀರು ಬೂಟಿನ ಹಿಮ್ಮಡಿ ಮುಟ್ಟುತ್ತದೆ. ಇನ್ನೊಂದೇ ಕಂಬ ಉಳಿದಿದೆ, ಅದೂ ಅರ್ಧ ಮುಳುಗಿದೆ. ತೋಳು ಭುಜದವರೆಗೆ ನೀರಿಗಿಳಿಸಿ, ಕೆನ್ನೆಯನ್ನು ಕಂಬಕ್ಕೊತ್ತಿ, ಕುರುಡು ಕುರುಡಾಗಿ ಕೆರೆಯುತ್ತಾರೆ. ಬಂದದ್ದು ಒಂದು ಬೊಗಸೆ ಪಾಚಿ. ತಟ್ಟೆಗೆ ಬಿದ್ದ ಕೂಡಲೇ ಸಟ್ಟುಗ ಕೆಳಗಿಟ್ಟು ಅದರ ಮೇಲೆ ಬಾಗುತ್ತಾರೆ. ತಟ್ಟೆಯ ಮೂಲೆಯಲ್ಲಿ ಒಂದು ಜೀರಿಗೆ ಇನ್ನೊಂದು ಜೀರಿಗೆಯನ್ನು ಅಪ್ಪಿಕೊಂಡು ಗಿರಗಿರ ಸುತ್ತುತ್ತಿದೆ.

ಮಸೂರ ಅರ್ಧದವರೆಗೆ ಏರಿ ನಿಲ್ಲುತ್ತದೆ. “ಬೇಡ,” ಅನ್ನುತ್ತಾರೆ ತಮಗೆ ತಾವೇ. “ಈಗ ನೋಡಿದ್ರೆ ನನಗೆ ಬೇಕಾದ್ದೇ ಕಾಣುತ್ತೆ. ಮೊದಲು ಮಂಜು.”

ಈ ಸಲ ಮಂಜುಗಡ್ಡೆ ಎರಡು ಡಬ್ಬಿಯಲ್ಲಿ ಬಂದಿದೆ, ಒಂದು ಕರಗಿದರೆ ಇನ್ನೊಂದಿರಲಿ ಎಂದು. ಜೋಡಿಯಿರುವ ಸಣ್ಣ ಬಟ್ಟಲನ್ನು ಅದರ ಮೇಲಿಟ್ಟು ಕಾಯುತ್ತಾರೆ. ಸುತ್ತುವುದು ನಿಧಾನವಾಗುತ್ತದೆ, ಕಾಲುಗಳ ಸಭೆ ಬರಖಾಸ್ತಾಗುತ್ತದೆ. ಮೇಲೆ ರಸ್ತೆಯಲ್ಲಿ ಜೀಪಿನವನು ಹಾರ್ನ್ ಒತ್ತುತ್ತಾನೆ. “ಒತ್ತಲಿ,” ಅನ್ನುತ್ತಾರೆ. ಸ್ಪಿರಿಟ್ಟು ಹನಿಹನಿಯಾಗಿ ಬೀಳುತ್ತದೆ. ಅವನು ಮತ್ತೆ ಒತ್ತುತ್ತಾನೆ. ಅಪ್ಪುಗೆ ಸಡಿಲವಾಗುವುದಿಲ್ಲ.

ಕೇಂದ್ರದ ನೆಲಮಾಳಿಗೆ. ಮೂಗಿಗೆ ಸ್ಪಿರಿಟ್ ವಾಸನೆ, ಗೋಡೆಯಿಂದ ಗೋಡೆಗೆ ಸೀಸೆಗಳ ಸಾಲು, ಕೂತು ಕೂತು ಸೀಟಿನ ರೆಕ್ಸಿನ್ ಬಿರಿದ ಸ್ಟೂಲು. ಎದುರಿಗೆ ಒಂದೇ ಕಣ್ಣಿಟ್ಟು ನೋಡುವ ಹಳೆಯ ಸೂಕ್ಷ್ಮದರ್ಶಕ. ರಜೆಯ ದಿನವಾದರೂ ಮೇಡಂ ಬಂದಿದ್ದಾರೆ. ಈಕೆ ಗಂಡನ್ನು ನಿಧಾನವಾಗಿ ಬೇರ್ಪಡಿಸಿ, ಅಡ್ಡ ಮಲಗಿಸಿ, ಗಾಜಿನಡಿ ಇಡುತ್ತಾರೆ. ದೊಡ್ಡ ಕೈಗಳೆರಡೂ ಮೈಮೇಲೇ ಇವೆ.

“ನೀವೇ ಮೊದಲು ನೋಡಿ ಮೇಡಂ. ಏನೂ ಹೇಳಬೇಡಿ,” ಎಂದು ಈಕೆ ಕಿಟಕಿಯತ್ತ ತಿರುಗಿ ನಿಲ್ಲುತ್ತಾರೆ. ರಸ್ತೆಯಲ್ಲಿ ಯಾರದೋ ಪಾದ ಹೋಗುತ್ತದೆ. ಯಾರದೆಂದು ಇವತ್ತು ಹೇಳುವುದಿಲ್ಲ.

ಮೇಡಂ ಬಹಳ ಹೊತ್ತು ನೋಡುತ್ತಾರೆ. ಮುಖದಲ್ಲಿ ಏನನ್ನೂ ತೋರಿಸದೆ ಎದ್ದು ಸ್ಟೂಲು ಬಿಟ್ಟುಕೊಡುತ್ತಾರೆ. ಈಕೆ ಕೂರುತ್ತಾರೆ. ಬಲಗಣ್ಣನ್ನು ಕಾಗದದ ಮೇಲಿಟ್ಟು ಬಲಗೈಯಲ್ಲಿ ಚಿತ್ರ ಬರೆಯಬೇಕಾದ್ದರಿಂದ ಮೊದಲಿನಿಂದಲೂ ಇಲ್ಲಿ ಎಡಗಣ್ಣೇ ಅಭ್ಯಾಸ. ಎಡಗಣ್ಣಿಡುತ್ತಾರೆ. ತಿರುಪು ತಿರುಗಿಸುತ್ತಾರೆ, ಮತ್ತೆ ತಿರುಗಿಸುತ್ತಾರೆ.

“ಕಚ್ಚು ಇಲ್ಲ,” ಅನ್ನುತ್ತಾರೆ. ಕಣ್ಣು ತೆಗೆದು, “ಅಂಚು ನೇರ ಇದೆ. ನಾನು ಹೇಳಿದ್ದು ತಪ್ಪು, ಮೇಡಂ.”

ಸ್ಟೂಲಿನಿಂದ ಇಳಿಯಲು ಒಂದು ಕಾಲು ಆಗಲೇ ನೆಲ ಮುಟ್ಟಿದೆ. ಮೇಡಂ ಅವರ ಭುಜದ ಮೇಲೆ ಕೈಯಿಟ್ಟು ಕೂರಿಸುತ್ತಾರೆ. “ಆ ದಿನ ಕಟ್ಟೆ ಮೇಲೆ ಯಾವ ಕಣ್ಣಲ್ಲಿ ನೋಡಿದ್ರಿ?”

ಈಕೆಯ ಕೈ ತಾನಾಗಿ ಕತ್ತಿನಲ್ಲಿ ನೇತಾಡುವ ಮಸೂರಕ್ಕೆ ಹೋಗುತ್ತದೆ. ಗಡಿಯಾರದವರು ಅದನ್ನು ಬಲಗಣ್ಣಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ನೋಡಿ ಕಲಿತ ಈಕೆಯೂ ಅಷ್ಟೇ. ಕಡಲ ದಂಡೆಯಲ್ಲಿ ಯಾವಾಗಲೂ ಬಲಗಣ್ಣು.

ತಲೆಯನ್ನು ಕೊಂಚ ಎಡಕ್ಕೆ ಸರಿಸಿ, ಬಲಗಣ್ಣಿಡುತ್ತಾರೆ.

“ಇದೆ,” ಅನ್ನುತ್ತಾರೆ. ಮತ್ತೆ ನೋಡುತ್ತಾರೆ. “ಎರಡು ಕೈಯಲ್ಲೂ ಇದೆ. ಅದರದ್ದೇ.”

ಖುಷಿಯಾಗಬೇಕಾದ ಮುಖ ಖುಷಿಯಾಗುವುದಿಲ್ಲ, ಪೂರ್ತಿ. ಎಡಗಣ್ಣನ್ನು ಸೆರಗಿನಿಂದ ಒತ್ತಿಕೊಂಡು, ಮತ್ತೊಮ್ಮೆ ಅದರಲ್ಲೇ ನೋಡಿ ಖಚಿತ ಮಾಡಿಕೊಳ್ಳುತ್ತಾರೆ. “ಇದರಲ್ಲಿ ಮಾತ್ರ ನೇರ ಅಂಚು. ಎಷ್ಟು ದಿನದಿಂದ ಹೀಗಿದೆಯೋ. ಈಚೆಗೆ ಇಲ್ಲಿ ಕೂತು ಹೇಳಿದ್ದನ್ನೆಲ್ಲ ಇನ್ನೊಬ್ಬರು ಮತ್ತೆ ನೋಡಬೇಕು ಮೇಡಂ. ಕಣ್ಣು ಸರಿಯಾದ ಮೇಲೆ ನಾನೂ ನೋಡ್ತೀನಿ.”

“ನೋಡೋಣ. ಕಂಬ ಹೋಗುತ್ತೆ, ಸೀಸೆಗಳು ಎಲ್ಲೂ ಹೋಗಲ್ಲ,” ಅನ್ನುತ್ತಾರೆ ಮೇಡಂ.

ಇನ್ನು ಉಳಿದಿರುವುದು ಅಂಗಾಂಗ ಬಿಡಿಸುವ ಕೆಲಸ. ಅದಕ್ಕೊಂದು ಕಟ್ಟುಪಾಡಿದೆ. ಎಡಗಡೆಯ ಕೈಕಾಲುಗಳನ್ನು ಒಂದೊಂದಾಗಿ ಬಿಡಿಸಿ ಗಾಜಿನ ಪಟ್ಟಿಗೆ ಏರಿಸುತ್ತಾರೆ. ಬಲಗಡೆಯವನ್ನು ಮುಟ್ಟುವಂತಿಲ್ಲ. ಮುಂದೆ ಯಾರಾದರೂ ಬಂದು ಇದು ಯಾರ ಕೈ ಎಂದು ಕೇಳಿದರೆ ಉತ್ತರ ಹೇಳಲು ಆ ಕಡೆ ಮೈಮೇಲೇ ಉಳಿಯಬೇಕು. ಇಷ್ಟು ವರ್ಷ ಇಲ್ಲಿ ಬಂದ ಪ್ರಾಣಿಗಳ ಎಡಗಡೆಯನ್ನು ಬಿಡಿಸಿದ್ದು ಈಕೆಯ ಚಿಮುಟವೇ.

ಅದನ್ನು ಸೆರಗಿನಲ್ಲಿ ಒರೆಸಿ, ಹಿಡಿಯನ್ನು ಮೇಡಂ ಕಡೆ ಮಾಡಿ ಕೊಡುತ್ತಾರೆ. ಸ್ಟೂಲು ಬಿಟ್ಟು ಎದ್ದರೂ ಕೋಣೆ ಬಿಟ್ಟು ಹೋಗುವುದಿಲ್ಲ. ಮೇಡಂ ಪಕ್ಕಕ್ಕೇ ಬಂದು, ಮಸೂರವನ್ನು ಬಲಗಣ್ಣಿಗೆ ಸಿಕ್ಕಿಸಿ, ಬಾಗಿ ನಿಲ್ಲುತ್ತಾರೆ.

“ಇವತ್ತು ಎಡಗಡೆ ನೀವು ಬಿಡಿಸಿ,” ಅನ್ನುತ್ತಾರೆ. “ಬಲಗಡೆ ನಾನು ಕಾಯ್ತೀನಿ.”