ಬಾಗಿಲು ತೆಗೆಯುವ ತನಕ

ನನ್ನ ವಾರಗಿತ್ತಿ ಜನ್ಮದಲ್ಲಿ ಒಂದು ಸಲವೂ ಲಿಫ್ಟ್ ಹತ್ತಿದವರಲ್ಲ. ಡಾಕ್ಟರು ಎಷ್ಟನೇ ಮಹಡಿಯಲ್ಲಿ ಕೂತಿದ್ದರೂ ಸರಿ, ಮಂಡಿ ಹಿಡಿದುಕೊಂಡು, ಏದುಸಿರು ಬಿಡುತ್ತಾ ಮೆಟ್ಟಿಲನ್ನೇ ಹತ್ತುತ್ತಿದ್ದರು. ಹಾಗಿದ್ದೂ ನಮ್ಮೂರಿನಲ್ಲಿ ಯಾರಾದರೂ ಲಿಫ್ಟಿನೊಳಗೆ ಸಿಕ್ಕಿಹಾಕಿಕೊಂಡರೆ ಮೊದಲು ಅವರ ಕಿವಿಗೆ ಬೀಳುತ್ತಿದ್ದುದು ಇವರ ದನಿ. ನಮ್ಮದು ಲಿಫ್ಟ್ ರಿಪೇರಿಯ ಸಣ್ಣ ಕಂಪನಿ. ಶುರು ಮಾಡಿದವರು ಭಾವ. ಅವರ ತಮ್ಮ, ಅಂದರೆ ನಮ್ಮವರು, ಆಮೇಲೆ ಕೈಜೋಡಿಸಿದರು. ಲೆಕ್ಕಪತ್ರ ನನ್ನ ತಲೆಗೆ ಬಂತು. ಫೋನು ಮಾತ್ರ ಅಕ್ಕನದು. ವಾರಗಿತ್ತಿಯನ್ನು ಅಕ್ಕ ಎಂದು ಕರೆಯುವುದು ಬಾಯಿಮಾತಿಗೆ ಶುರುವಾದದ್ದು. ಯಾವಾಗ ನಿಜವಾಯಿತೋ ನನಗೆ ಗೊತ್ತಿಲ್ಲ.

ಲಿಫ್ಟಿನೊಳಗೆ ಅಂಟಿಸಿದ ಚೀಟಿಯಲ್ಲಿ ನಮ್ಮ ನಂಬರು ಇರುತ್ತದೆ. ಯಾರಾದರೂ ಗಾಬರಿಯಿಂದ ಫೋನ್ ಮಾಡಿದರೆ ಅಕ್ಕ ಒಂದು ಕಡೆ ಮೆಕ್ಯಾನಿಕ್ಕನ್ನು ಓಡಿಸುತ್ತಿದ್ದರು, ಇನ್ನೊಂದು ಕಡೆ ಒಳಗಿದ್ದವರ ಜೊತೆ ಹರಟೆಗೆ ಕೂರುತ್ತಿದ್ದರು. ‘ಜೇಬಲ್ಲಿ ಏನೇನಿದೆ, ಒಂದೊಂದೇ ತೆಗೆದು ಹೇಳಿ ನೋಡೋಣ’ ಎನ್ನುವುದು ಅವರ ಹಳೇ ಉಪಾಯ. ಜೇಬು ಖಾಲಿಯಾಗುವಷ್ಟರಲ್ಲಿ ಎಂಥ ಪುಕ್ಕಲನ ಉಸಿರೂ ಹದಕ್ಕೆ ಬರುತ್ತಿತ್ತು. ಬಾಗಿಲು ತೆಗೆಯುವ ತನಕ ಫೋನ್ ಇಡಬಾರದು, ಇದು ಅವರು ತಾವೇ ಹಾಕಿಕೊಂಡ ಕಟ್ಟಳೆ. ಅವರು ಮಾತಾಡುವುದು, ಭಾವ ಹೋಗಿ ಬಾಗಿಲು ತೆಗೆಯುವುದು. ಇಬ್ಬರ ಸಂಸಾರವೇ ಹೀಗೆ ನಡೆದದ್ದು. ಬಾಗಿಲು ತೆರೆದ ಸದ್ದಿನ ಹಿಂದೆಯೇ ಫೋನಿನಲ್ಲಿ ಭಾವನ ದನಿ ಬರುತ್ತಿತ್ತು: ‘ಸಾಕು ಕಣೇ, ಬಿಡು ಅವರನ್ನ, ಮನೆಗೆ ಹೋಗ್ಲಿ.’ ಜನ ಅಕ್ಕನಿಗೆ ಲಿಫ್ಟಮ್ಮ ಎಂದು ಹೆಸರಿಟ್ಟಿದ್ದರು.

ವರ್ಷಗಟ್ಟಲೆ ಲಿಫ್ಟಿನ ತಳದ ಹಳ್ಳಕ್ಕಿಳಿದು ಧೂಳು ಕುಡಿದದ್ದಕ್ಕೋ ಏನೋ, ಭಾವನ ಎದೆ ಕೆಟ್ಟಿತು. ಕೆಮ್ಮು ಶುರುವಾದರೆ ನಿಲ್ಲುತ್ತಲೇ ಇರಲಿಲ್ಲ. ಕೊನೆಗೆ ಮಂಚ ಹಿಡಿದರು. ಏನಾದರೂ ಬೇಕಾದರೆ ಸ್ಟೀಲ್ ತಟ್ಟೆಗೆ ಚಮಚ ಬಡಿದು ಕರೆಯಬೇಕು, ಕೂಗುವಷ್ಟು ಉಸಿರು ಅವರಲ್ಲಿ ಉಳಿದಿರಲಿಲ್ಲ. ಅಕ್ಕ ಆಫೀಸಿನಲ್ಲಿ ಕೂತರೆ ಜೀವ ಮನೆಯಲ್ಲಿ, ಮನೆಯಲ್ಲಿದ್ದರೆ ಜೀವ ಫೋನಿನಲ್ಲಿ. ಹಾಗೆ ಎರಡು ಕಡೆ ಹರಿದುಹೋಗುತ್ತಿದ್ದುದನ್ನು ನೋಡಲಾರದೆ, ಇಂಟರ್‌ನೆಟ್ಟಿನ ಮೇಲೆ ನಡೆಯುವ ಫೋನು ಹಾಕಿಸೋಣ ಎಂದು ನಮ್ಮವರೇ ಮಾತೆತ್ತಿದರು. ಅದರಲ್ಲಿ ಆಫೀಸಿನ ನಂಬರಿಗೆ ಬಂದ ಕರೆ ಮನೆಯಲ್ಲೂ ಕೇಳಿಸುತ್ತದಂತೆ.

ಮಾರುವವರು ಒಬ್ಬರಾದ ಮೇಲೆ ಒಬ್ಬರು ಬಂದರು. ಆರಿಸುವ ಕೆಲಸ ಭಾವನ ಮಂಚದ ಸುತ್ತಲೇ ನಡೆಯಿತು. ಮೊದಲನೆಯವನ ಫೋನಿನಲ್ಲಿ ಯಂತ್ರವೇ ಮಾತಾಡುತ್ತಿತ್ತು: ಲಿಫ್ಟಿನಲ್ಲಿ ಸಿಲುಕಿದ್ದರೆ ಒಂದನ್ನು ಒತ್ತಿ, ಬಿಲ್ಲಿನ ವಿಚಾರಕ್ಕೆ ಎರಡನ್ನು ಒತ್ತಿ. ನಡುವೆ ಸಂಗೀತ ಬೇರೆ. ಅಕ್ಕನಿಗೆ ನಗು ತಡೆಯಲಾಗಲಿಲ್ಲ. ‘ಉಸಿರು ಕಟ್ಟಿ ನಿಂತೋರಿಗೆ ಪಿಟೀಲು ಕೇಳಿಸ್ತೀರಾ?’ ಎಂದರು. ಇನ್ನೊಬ್ಬನದು ಅಗ್ಗ. ಕರೆ ನೇರವಾಗಿ ಮೆಕ್ಯಾನಿಕ್ಕಿನ ಮೊಬೈಲಿಗೇ ಹೋಗುತ್ತದೆ. ಅದನ್ನು ಭಾವ ಒಪ್ಪಲಿಲ್ಲ. ‘ಮೋಟಾರಿನೊಳಗೆ ಕೈ ಇಟ್ಕೊಂಡಿರೋನು ಫೋನಲ್ಲಿ ಮಾತಾಡಬಾರದು’ ಎಂದು ಒಂದೊಂದೇ ಮಾತು ಹೆಕ್ಕಿ ಹೇಳಿದರು.

ಮೂರನೆಯವನು ಒಳ್ಳೆಯ ಹುಡುಗ, ಅವನ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ. ಭಾವ ಅವನನ್ನೂ ಬಿಡಲಿಲ್ಲ. ‘ಕರೆಂಟು ಹೋದಾಗಲೇ ಅಲ್ವೇನಪ್ಪ ಲಿಫ್ಟು ನಿಲ್ಲೋದು? ಆಗ ನಿನ್ನ ಫೋನೂ ನಿಂತ್ರೆ?’ ಅವನು ಬ್ಯಾಟರಿಯ ಡಬ್ಬಿ ತೋರಿಸಿದ, ಸ್ವಿಚ್ಚು ಆರಿಸಿ ಫೋನ್ ನಡೆಯುವುದನ್ನೂ ತೋರಿಸಿದ. ಭಾವ ತಲೆಯಾಡಿಸಿದರು. ಆಮೇಲೆ ಅವರ ಮನಸ್ಸಿನಲ್ಲಿದ್ದ ನಿಜವಾದ ಪ್ರಶ್ನೆ ಹೊರಬಿತ್ತು.

‘ನನ್ನ ಕೆಮ್ಮು? ಒಳಗೆ ಸಿಕ್ಕಿಹಾಕ್ಕೊಂಡಿರೋರಿಗೆ ಇದು ಕೇಳಿಸಿದ್ರೆ ಇನ್ನಷ್ಟು ಹೆದರ್ತಾರೆ. ಕೇಳಿಸಬಾರದು.’

ಹುಡುಗನ ಮುಖ ಅರಳಿತು. ಎರಡೂ ಕಿವಿ ಮುಚ್ಚುವ ಹೆಡ್‌ಫೋನೊಂದನ್ನು ಚೀಲದಿಂದ ತೆಗೆದು, ಇದು ಸುತ್ತಲಿನ ಸದ್ದನ್ನೆಲ್ಲ ತೆಗೆದುಹಾಕಿ ಮಾತಾಡುವವರ ದನಿಯನ್ನಷ್ಟೇ ಕಳಿಸುತ್ತದೆ ಎಂದ. ಪರೀಕ್ಷೆ ಮಾಡಲು ನನ್ನನ್ನು ಮೊಬೈಲಿನ ಜೊತೆ ಬೀದಿಗೆ ಅಟ್ಟಿದರು. ಅಕ್ಕ ಹೆಡ್‌ಫೋನ್ ಹಾಕಿಕೊಂಡು ಮಂಚದ ಪಕ್ಕದಿಂದ ಮಾತಾಡಿದರು. ಭಾವ ಬೇಕೆಂದೇ ಕೆಮ್ಮಿದರು, ತಟ್ಟೆ ಬಡಿದರು. ಹಾರ್ಡ್‌ವೇರ್ ಅಂಗಡಿಯ ಮುಂದೆ ನಿಂತಿದ್ದ ನನಗೆ ಅಕ್ಕನ ದನಿ ಬಿಟ್ಟು ಏನೆಂದರೆ ಏನೂ ಕೇಳಿಸಲಿಲ್ಲ. ವಾಪಸ್ಸು ಬಂದು ಹಾಗೇ ಹೇಳಿದೆ. ಭಾವನಿಗೆ ಬಹಳ ದಿನಗಳ ಮೇಲೆ ನಗು ಬಂತು.

‘ಪರವಾಗಿಲ್ಲವೇ, ನಾನು ಇಲ್ಲವೇ ಇಲ್ಲ ಅನ್ನೋ ಹಾಗೆ ಮಾಡಿಬಿಟ್ಟ’ ಎಂದರು. ನಾವೆಲ್ಲ ನಕ್ಕೆವು. ಅದನ್ನೇ ಕೊಂಡೆವು.

ಕೆಲವು ತಿಂಗಳು ಎಲ್ಲ ಚೆನ್ನಾಗಿಯೇ ನಡೆಯಿತು. ಭಾವನ ಹಗಲುನಿದ್ದೆ ಕೆಡದಿರಲಿ ಎಂದು ಅಕ್ಕ ಮೇಜನ್ನು ಹೊರಕೋಣೆಗೆ ಹಾಕಿಸಿಕೊಂಡರು. ಬಾಗಿಲು ಸದಾ ತೆರೆದೇ ಇರುತ್ತಿತ್ತು. ಕುರ್ಚಿಯಿಂದ ನೋಡಿದರೆ ಮಂಚದ ತುದಿಯಲ್ಲಿ ಭಾವನ ಪಾದಗಳು ಕಾಣುತ್ತಿದ್ದವು. ಕರೆ ಇಲ್ಲದಾಗ ಹೆಡ್‌ಫೋನ್ ಕೊರಳಿಗೆ ಇಳಿಯುತ್ತಿತ್ತು, ಚಮಚದ ಸಣ್ಣ ಸದ್ದಿಗೂ ಅಕ್ಕ ಎದ್ದು ಹೋಗುತ್ತಿದ್ದರು. ಆಫೀಸಿಗೆ ಬರುತ್ತಿದ್ದಾಗ ಬಾಡಿದ್ದ ಮುಖ ಮತ್ತೆ ಗೆಲುವಾಯಿತು. ಫೋನು ಆರಿಸಿದವರು ತಾವೇ ಎಂದು ಭಾವನೂ ಬಂದವರ ಮುಂದೆಲ್ಲ ಜಂಬ ಕೊಚ್ಚಿಕೊಂಡರು.

ಆ ದಿನ ಮಧ್ಯಾಹ್ನ ಒಬ್ಬ ಧಡೂತಿ ಮನುಷ್ಯ, ಬಟ್ಟೆ ಅಂಗಡಿಯ ಮಾಲೀಕ, ತನ್ನ ಕಟ್ಟಡದ ಲಿಫ್ಟಿನಲ್ಲಿ ಸಿಕ್ಕಿಕೊಂಡ. ಬ್ರೇಕು ಕಚ್ಚಿಕೊಂಡುಬಿಟ್ಟಿತ್ತು. ನಮ್ಮವರು ಹೋಗಿ ಎಷ್ಟು ಹೆಣಗಿದರೂ ಲಿಫ್ಟು ಜಗ್ಗಲಿಲ್ಲ. ಮೊದಲು ರೇಗಾಡಿದ ಆ ಮನುಷ್ಯ ಆಮೇಲೆ ಮಗುವಿನಂತೆ ಅಳತೊಡಗಿದ. ಅಕ್ಕ ಅವನ ಜೇಬು ಖಾಲಿ ಮಾಡಿಸಿದರು, ಮಗಳ ಮದುವೆಯ ಕತೆ ಕೇಳಿದರು, ಅಂಗಡಿಯ ಬಟ್ಟೆಯ ಬಣ್ಣಗಳನ್ನೆಲ್ಲ ಹೇಳಿಸಿದರು. ಬಾಗಿಲು ತೆರೆದ ಸದ್ದು ಕೇಳಿದ ಮೇಲಷ್ಟೇ ಹೆಡ್‌ಫೋನ್ ತೆಗೆದು ಒಳಗೆ ಹೋದರು.

ಭಾವ ಹೋಗಿಬಿಟ್ಟಿದ್ದರು. ಮೈ ಇನ್ನೂ ಬೆಚ್ಚಗಿತ್ತು. ತಟ್ಟೆ ನೆಲದ ಮೇಲೆ ಬೋರಲು ಬಿದ್ದಿತ್ತು, ಚಮಚ ಮಂಚದ ಕೆಳಗಿತ್ತು.

ಮಾರನೆಯ ದಿನ ಆ ಅಂಗಡಿಯವನು ಫೋನ್ ಮಾಡಿದ. ನಾನು ಎತ್ತಿಕೊಂಡೆ. ‘ಆ ತಾಯಿ ನನ್ನ ಜೀವ ಉಳಿಸಿದ್ರಮ್ಮ, ಒಂದು ಮಾತು ಆಡಬೇಕಿತ್ತು’ ಎಂದ. ಅವನದೇನು ತಪ್ಪು? ಅವರು ಇವತ್ತು ಬಂದಿಲ್ಲ ಎಂದಷ್ಟೇ ಹೇಳಿ ಇಟ್ಟೆ.

ಅಕ್ಕ ಅಳಲಿಲ್ಲ. ಎಲ್ಲ ಕಾರ್ಯ ಮುಗಿದು ನೆಂಟರು ಹೊರಟ ಮೇಲೆ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, ‘ಈ ಫೋನಲ್ಲಿ ಮಾತಾಡಿದ್ದೆಲ್ಲ ಉಳಿಯುತ್ತಂತಲ್ಲ, ಹಾಕು’ ಎಂದರು. ಅವರಿಗೆ ಬೇಕಾಗಿದ್ದುದು ಒಂದೇ. ತಟ್ಟೆ ಕೈಜಾರಿ ಬಿತ್ತೋ, ಅಥವಾ ಭಾವ ಅದನ್ನು ಬಡಿದು ಬಡಿದು ಕರೆದರೋ?

ಕೇಳಿದೆವು. ಅಂಗಡಿಯವನ ಅಳು ಇತ್ತು, ಅಕ್ಕನ ದನಿ ಇತ್ತು. ಒಂದು ಕೆಮ್ಮಿಲ್ಲ, ಚಮಚದ ಸದ್ದಿಲ್ಲ. ಬೀದಿಯಲ್ಲಿ ನಿಂತು ಅವತ್ತು ನಾನು ಕೇಳಿದ್ದ ಹಾಗೆಯೇ, ಅಷ್ಟೇ ಚೊಕ್ಕಟವಾಗಿತ್ತು. ಫೋನು ಮಾರಿದ ಹುಡುಗನನ್ನು ಕರೆಸಿದೆವು. ಅವನು ತಲೆ ತಗ್ಗಿಸಿ, ‘ಅಳಿಸಿದ್ದಾಗಿದ್ರೆ ವಾಪಸ್ ತರಬಹುದಿತ್ತಮ್ಮ. ಬೇರೆ ಸದ್ದು ಅದರೊಳಗೆ ಸೇರೋದೇ ಇಲ್ಲ’ ಎಂದ.

ಆದರೂ ಅಕ್ಕ ಅದನ್ನು ದಿನವೂ ಕೇಳಿದರು. ಬೇಡ ಎಂದು ಬೈದೆ, ಕಿತ್ತುಕೊಳ್ಳಲೂ ಹೋದೆ. ನನ್ನ ಮಾತು ಯಾರಿಗೆ ಬೇಕು. ಒಂದು ದಿನ ನನ್ನ ಕೈಹಿಡಿದು ನಡುವಿನ ಒಂದು ತುಂಡನ್ನು ಕೇಳಿಸಿದರು. ಅಂಗಡಿಯವನ ಮಾತನ್ನು ತಡೆದು ಅಕ್ಕ, ‘ಒಂದು ನಿಮಿಷ ಇರಿ ಸ್ವಾಮಿ’ ಎನ್ನುತ್ತಾರೆ. ಅವನು ಹೌಹಾರಿ, ‘ಹೋಗಬೇಡಿ ತಾಯಿ, ಬಿಟ್ಟು ಹೋಗಬೇಡಿ’ ಎಂದು ಗೋಗರೆಯುತ್ತಾನೆ. ಆಮೇಲೆ ಅಕ್ಕ ದನಿ ಏರಿಸಿ ಹೇಳುತ್ತಾರೆ: ‘ಇಲ್ಲ, ಇಲ್ಲ. ಎಲ್ಲೂ ಹೋಗಲ್ಲ. ನಾನು ಇಲ್ಲೇ ಇದ್ದೀನಿ.’

‘ಒಂದು ನಿಮಿಷ ಅಂತ ಯಾಕೆ ಅಂದೆ, ನೆನಪೇ ಆಗ್ತಿಲ್ಲ ಕಣೇ’ ಎಂದರು ಅಕ್ಕ. ‘ಏನೋ ಅನ್ನಿಸಿರಬೇಕು. ಪಾದ ಅಲ್ಲಾಡಿತೋ ಏನೋ.’

ನಾನು ಅದನ್ನು ನಿಲ್ಲಿಸಿದೆ.

‘ನನ್ನ ಕಿವಿ ಮುಚ್ಚಿತ್ತು, ಅವರದ್ದು ಮುಚ್ಚಿರಲಿಲ್ಲ’ ಎಂದು ನಿಧಾನವಾಗಿ ಹೇಳಿದರು. ‘ಕರೆದಿದ್ರೆ... ಆ ಮಾತು ಅವರಿಗೆ ಕೇಳಿಸಿರುತ್ತೆ ಅಲ್ವಾ? ನಾನು ಇಲ್ಲೇ ಇದ್ದೀನಿ ಅಂದಿದ್ದು?’

ಕೇಳಿಸಿದ್ದರೆ, ಆಮೇಲೂ ಅಕ್ಕ ಬರಲಿಲ್ಲವಲ್ಲ ಎಂಬುದು ನನ್ನ ನಾಲಿಗೆಯ ತುದಿಯವರೆಗೂ ಬಂದು ನಿಂತಿತು. ಅದು ಅಕ್ಕನಿಗೂ ಗೊತ್ತಿತ್ತು, ಅವರ ಕಣ್ಣು ನೋಡಿದರೆ ತಿಳಿಯುತ್ತಿತ್ತು.

‘ಕೇಳಿಸಿರುತ್ತೆ ಅಕ್ಕ’ ಎಂದೆ.

ಅಷ್ಟರಲ್ಲಿ ಫೋನ್ ಬಂತು. ನಾನು ಕೈ ಚಾಚಿದೆ, ಅವರು ಬಿಡಲಿಲ್ಲ. ಹೆಡ್‌ಫೋನನ್ನು ಒಂದು ಕಿವಿಗೆ ಮಾತ್ರ ಹಾಕಿಕೊಂಡರು. ಇನ್ನೊಂದು ಕಿವಿಯನ್ನು ಒಳಗಿನ ಖಾಲಿ ಕೋಣೆಯ ಕಡೆಗೆ ಬಿಟ್ಟುಕೊಂಡು, ‘ಹೇಳಿ, ಎಷ್ಟನೇ ಮಹಡೀಲಿದ್ದೀರಿ?’ ಎಂದು ಕೇಳಿದರು.