ನಲವತ್ತನೇ ಪುಟದವರನ್ನು ಕಂಡು ಬಂದೆ

ಶನಿವಾರ ಬೆಳಿಗ್ಗೆ ಕಲಬುರಗಿ ಸ್ಟೇಷನ್ನಿನಲ್ಲಿ ಗಾಡಿ ಹತ್ತುವಾಗಲೇ ನನಗೆ ಸಿಟ್ಟು ಬಂದಿತ್ತು. ಗಾಡಿ ಒಂದು ತಾಸು ತಡ. ನನ್ನ ಕಿಟಕಿ ಸೀಟಿನ ಮೇಲೆ ಯಾರದೋ ಅಕ್ಕಿ ಚೀಲ. ನಿನಗೆ ಸಿಟ್ಟು ಬರದ ದಿನ ಯಾವುದು ಎಂದು ನಮ್ಮ ಮನೆಯವರು ಕೇಳುತ್ತಾರೆ. ಕೇಳಲಿ. ಹೆಣ್ಣುಮಕ್ಕಳ ಹೈಸ್ಕೂಲಿನ ಲೈಬ್ರರಿಯಲ್ಲಿ ಇಪ್ಪತ್ತಾರು ವರ್ಷ ಕೂತವಳು ನಾನು. ಹರಿದ ಪುಟ, ಮಡಚಿದ ಮೂಲೆ, ಎಣ್ಣೆ ಕಲೆ ನೋಡಿ ನೋಡಿ ನೆತ್ತಿಗೇರಿದ ಸಿಟ್ಟು ನಿವೃತ್ತಿಯಾದರೂ ಇಳಿದಿಲ್ಲ.

ಹೈದರಾಬಾದಿನ ಒಂದು ಕನ್ನಡ ಸಂಘದವರು ನನ್ನನ್ನು ಕರೆದಿದ್ದರು. ಭಾನುವಾರ 'ನಾನೀಗ ಓದುತ್ತಿರುವ ಪುಸ್ತಕ' ಎಂಬ ಕಾರ್ಯಕ್ರಮ, ಒಬ್ಬೊಬ್ಬರು ಐದೈದು ನಿಮಿಷ ಮಾತಾಡುವುದು. ಹಿಂದೊಮ್ಮೆ ನನ್ನ ಸ್ವಂತ ಪುಸ್ತಕಗಳನ್ನು ಎರಡು ಡಬ್ಬ ತುಂಬಿ ಆ ಸಂಘಕ್ಕೆ ಕೊಟ್ಟಿದ್ದೆ, ಅದರ ನೆನಪಿಗೆ ಈ ಕರೆ. ನಾನು ಓದುತ್ತಿದ್ದದ್ದು ನಾನೂರಾ ತೊಂಬತ್ತೆರಡು ಪುಟದ ಕಾದಂಬರಿ. ಮುನ್ನೂರಾ ಹನ್ನೆರಡನೇ ಪುಟದಲ್ಲಿ ಬಸ್ ಟಿಕೆಟ್ ಸಿಕ್ಕಿಸಿಟ್ಟಿದ್ದೆ. ಗಾಡಿಯಲ್ಲಿ ಮುಗಿಸಿಬಿಡೋಣ ಎಂದುಕೊಂಡರೆ ವಾಡಿ ದಾಟುವಷ್ಟರಲ್ಲಿ ಬಿಸಿಲು ಕಿಟಕಿಯಿಂದ ಮಡಿಲಿಗೇ ಬಂತು, ತಾಂಡೂರು ದಾಟುವಷ್ಟರಲ್ಲಿ ನಿದ್ದೆ ಬಂತು.

ದೂರ ಇನ್ನೂರು ಚಿಲ್ಲರೆ ಕಿಲೋಮೀಟರ್. ಐದು ತಾಸಿನ ಹಾದಿ ಆರೂವರೆ ತಾಸು ಹಿಡಿಯಿತು. ನಾಂಪಲ್ಲಿಯಲ್ಲಿ ಇಳಿದು ಮೆಹದಿಪಟ್ಟಣಂ ಬಸ್ ಹತ್ತಿದೆ. ಹೆಂಗಸರಿಗೆ ಟಿಕೆಟ್ ಇಲ್ಲ ಎಂದು ಕೇಳಿದ್ದರಿಂದ ಠೀವಿಯಿಂದ ಆಧಾರ್ ಕಾರ್ಡ್ ಮುಂದೆ ಮಾಡಿದೆ. ಕಂಡಕ್ಟರಮ್ಮ ಅದನ್ನು ಓದಿ, ಕರ್ನಾಟಕದ್ದು ನಡೆಯುವುದಿಲ್ಲ ಎಂದು ತೆಲುಗಿನಲ್ಲಿ ಹೇಳಿ ಟಿಕೆಟ್ ಹರಿದು ಕೈಗಿಟ್ಟರು. ಪಕ್ಕದ ಸೀಟಿನವಳು ನಕ್ಕಳು. ಸಿಟ್ಟಿನಲ್ಲಿ ನಾನು ಎರಡು ಸ್ಟಾಪ್ ಮೊದಲೇ ಇಳಿದು ನಡೆದೆ.

ಉಳಿದುಕೊಂಡದ್ದು ಸುಶೀಲಾಳ ಮನೆಯಲ್ಲಿ. ಅವಳು ನನ್ನ ಮೈದುನನ ಹೆಂಡತಿ, ಅಂದರೆ ನನ್ನ ವಾರಗಿತ್ತಿ. ತವರು ಬೀದರ ಕಡೆ. ಮೈದುನನಿಗೆ ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯೊಂದರಲ್ಲಿ ಕೆಲಸ, ಮೂವತ್ತು ವರ್ಷದಿಂದ ಇಲ್ಲೇ ಸಂಸಾರ. ಹಾಲಿನವನ ಹತ್ತಿರ ತೆಲುಗು, ತರಕಾರಿಯವನ ಹತ್ತಿರ ಹಿಂದಿ, ಮನೆಯೊಳಗೆ ಕನ್ನಡ. ಯಾವ ಭಾಷೆಯಲ್ಲಾದರೂ ಅವಳ ಮಾತು ಕಮ್ಮಿಯೇ. ಹೇಗಿದ್ದೀ ಎಂದರೆ ಆರಾಮ್ರಿ ಅಕ್ಕ, ಅಷ್ಟೇ.

ಸಂಜೆ ರೊಟ್ಟಿಗೆ ನಾದಿಕೊಡೋಣವೆಂದು ಅಡುಗೆಮನೆಯಲ್ಲಿ ಜೋಳದ ಹಿಟ್ಟಿನ ಡಬ್ಬಿ ಸರಿಸಿದೆ. ಅದರ ಹಿಂದೆ ಒಂದು ಪುಸ್ತಕ. ರಟ್ಟು ಕಿತ್ತುಹೋಗಿದೆ, ಮೊದಲ ಪುಟದಲ್ಲಿ ನನ್ನದೇ ಹೆಸರು, ನನ್ನದೇ ಅಕ್ಷರ. ನಾನು ಸಂಘಕ್ಕೆ ಕೊಟ್ಟ ಪುಸ್ತಕ! ಖುಷಿಯಿಂದ ಹಾಳೆ ತಿರುವಿದರೆ ನಲವತ್ತನೇ ಪುಟದ ಅಂಚಿನಲ್ಲಿ ಪೆನ್ಸಿಲಿನ ಚಿತ್ರಗಳು. ತಲೆ ಬಾಚುವ ಒಂದು ಹಣಿಗೆ, ಒಂದು ಮೀನು, ಒಂದು ದೀಪ. ಒಂದೊಂದರ ಕೆಳಗೂ ಗೆರೆಗಳು. ಮೈಯೆಲ್ಲ ಉರಿದುಹೋಯಿತು. ಪರ್ಸಿನಲ್ಲಿ ನಾನು ಈಗಲೂ ರಬ್ಬರ್ ಇಟ್ಟುಕೊಂಡಿರುತ್ತೇನೆ, ಎಲೆಯಡಿಕೆ ಹಾಕುವವರು ಸುಣ್ಣದ ಡಬ್ಬಿ ಇಟ್ಟುಕೊಂಡ ಹಾಗೆ. ತೆಗೆದು ತಿಕ್ಕಿದೆ. ಪುಟ ಸ್ವಚ್ಛವಾಗುವ ತನಕ ತಿಕ್ಕಿ ಪುಡಿ ಊದಿದೆ.

ಸುಶೀಲಾ ಚಹಾ ತಂದವಳು ಪುಟ ನೋಡಿ ಅಲ್ಲೇ ನಿಂತಳು. "ಅಳಿಸಿದ್ರೇನ್ರಿ ಅಕ್ಕ?" ಎಂದಳು.

"ಮತ್ತೇನು ಮಾಡ್ಲಿ? ಪುಸ್ತಕ ಅಂದ್ರ ಗ್ವಾಡಿ ಏನು, ಕಂಡಂಗ ಗೀಚಾಕ?"

ಅವಳು ಚಹಾದ ಕಪ್ಪು ಇಟ್ಟು ಒಲೆಯ ಕಡೆ ಹೊರಳಿದಳು. ರಾತ್ರಿ ಊಟಕ್ಕೆ ಝುಣಕ ಎರಡನೇ ಸಲ ಬಡಿಸಲಿಲ್ಲ. ನಾನು ಮಾತ್ರ ಆ ಪುಸ್ತಕವನ್ನು ಕೈಚೀಲಕ್ಕೆ ಹಾಕಿಕೊಂಡೆ. ಓದುಗರು ಪುಸ್ತಕಗಳನ್ನು ಹೇಗೆ ಹಾಳು ಮಾಡುತ್ತಾರೆ ಎಂದು ಸಭೆಯಲ್ಲಿ ಎತ್ತಿ ತೋರಿಸಿ ಝಾಡಿಸಬೇಕು ಎಂಬುದು ನನ್ನ ವಿಚಾರ.

ಭಾನುವಾರ ಹತ್ತಕ್ಕೆ ಸಭೆ. ಸಂಘದ ಸಭಾಂಗಣ ಮನೆಯಿಂದ ಹದಿನೈದು ನಿಮಿಷದ ನಡಿಗೆ. ಹನ್ನೊಂದೂಮುಕ್ಕಾಲಿನ ತನಕ ಒಂದು ಪುಸ್ತಕದ ಹೆಸರೂ ಕಿವಿಗೆ ಬೀಳಲಿಲ್ಲ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ನನ್ನನ್ನೂ ಸೇರಿಸಿ ವೇದಿಕೆಯ ಮೇಲಿದ್ದ ಹನ್ನೆರಡು ಜನಕ್ಕೆ ಶಾಲು, ಹಾರ, ಫಲತಾಂಬೂಲ. ನನಗೂ ಒಂದು ಕೆಂಪು ಶಾಲು ಹೊದಿಸಿದರು. ಫ್ಯಾನು ತಿರುಗದ ಸಭಾಂಗಣದಲ್ಲಿ ಅದನ್ನು ಹೊದ್ದು ಕುಳಿತು ಬೆಂದುಹೋದೆ. ಗೋಡೆಯ ಬದಿಗೆ ಎರಡು ಕಬ್ಬಿಣದ ಕಪಾಟು, ಬೀಗ ಹಾಕಿದ್ದವು. ಅವುಗಳ ಮುಂದೆ ಪ್ಲಾಸ್ಟಿಕ್ ಕುರ್ಚಿಗಳ ಸಾಲು. ಹೆಂಗಸರೆಲ್ಲ ಹಿಂದೆ ಕೂತಿದ್ದರು, ಸುಶೀಲಾಳೂ ಅವರ ನಡುವೆ.

ಆಮೇಲೆ ಶುರುವಾಯಿತು ನೋಡಿ. ನಿವೃತ್ತ ಅಧಿಕಾರಿಯೊಬ್ಬರು ಸಮಯ ಸಿಕ್ಕಾಗ ಓದುತ್ತೇನೆ ಎಂದರು, ನಿವೃತ್ತರಾದ ಮೇಲೆ ಸಮಯವೇ ಸಿಗುತ್ತಿಲ್ಲವಂತೆ. ಇನ್ನೊಬ್ಬರು ಪುಸ್ತಕದ ಬೆನ್ನುಪುಟವನ್ನು ಗಟ್ಟಿಯಾಗಿ ಓದಿ ಕೂತರು. ಮೂರನೆಯವರು ಮಾತಾಡಿದ್ದು ತಾವೇ ಬರೆದ ಪುಸ್ತಕದ ಬಗ್ಗೆ. ನಾಚಿಕೆಯಾದರೂ ಬೇಡವೇ ಈ ಜನಕ್ಕೆ ಎಂದು ಹಲ್ಲು ಕಡಿಯುತ್ತ ಕೂತಿದ್ದೆ. ನನ್ನ ಸರದಿ ಬಂತು. ನಾನೂ ಐದು ನಿಮಿಷ ನನ್ನ ಕಾದಂಬರಿಯನ್ನು ಹೊಗಳಿದೆ. ಕೊನೆಯಲ್ಲಿ, ಇದರ ಮುಕ್ತಾಯವಂತೂ ಮನಸ್ಸು ಕಲಕುತ್ತದೆ ಎಂದುಬಿಟ್ಟೆ. ಬಾಯಿಗೆ ಬಂತು, ಹೇಳಿಬಿಟ್ಟೆ. ಹಿಂದಿನ ಸಾಲಿನಿಂದ ಸುಶೀಲಾ ನನ್ನನ್ನೇ ನೋಡುತ್ತಿದ್ದಳು. ನನ್ನ ಭಾಷಣದ ಭರದಲ್ಲಿ ಕೈಚೀಲದಲ್ಲಿದ್ದ ಪುಸ್ತಕ ತೋರಿಸುವುದೇ ಮರೆತುಹೋಯಿತು.

ಕೊನೆಗೆ ಯುವಜನರ ಪರವಾಗಿ ಎರಡು ಮಾತು ಎಂದು ರಶ್ಮಿ ಎಂಬ ಹುಡುಗಿಯನ್ನು ಕರೆದರು. ಪುತ್ತೂರಿನವಳು, ಇಲ್ಲಿನ ಮಾದಾಪುರದ ಕಂಪನಿಯೊಂದರಲ್ಲಿ ಎಂಜಿನಿಯರ್. ಶನಿವಾರದ ಭಜನೆಗೆ ಬರುವ ಹೆಂಗಸರು ತನಗೊಂದು ವಿದ್ಯೆ ಕಲಿಸಿದ್ದಾರೆ ಎಂದಳು. ಕಪಾಟಿನ ಬೀಗಕ್ಕೆ ಕೀಲಿಕೈ ಇಲ್ಲ, ಹೇರ್‌ಪಿನ್ ಸಾಕು. ಪ್ರತಿ ಪುಸ್ತಕದ ನಲವತ್ತನೇ ಪುಟದಲ್ಲಿ ಓದಿದವರ ಗುರುತುಗಳಿರುತ್ತವೆ. ಗುರುತಿನ ಕೆಳಗೆ ಒಂದು ಗೆರೆ ಎಂದರೆ ಓದಿ ಮುಗಿಸಿದ್ದೇನೆ ಎಂದು, ಎರಡು ಗೆರೆ ಎಂದರೆ ತುಂಬ ಹಿಡಿಸಿತು, ನೀನೂ ಓದು ಎಂದು. ತಾನು ಈ ಎರಡು ವರ್ಷ ಓದಿದ್ದೆಲ್ಲ ಹಣಿಗೆಯ ಗುರುತಿನವರು ಎರಡು ಗೆರೆ ಎಳೆದ ಪುಸ್ತಕಗಳನ್ನೇ, ಒಂದು ಸಲವೂ ಮೋಸ ಹೋಗಿಲ್ಲ ಎಂದಳು.

"ಅವರು ಯಾರಂತ ನಂಗೆ ಗೊತ್ತಿಲ್ಲ, ಕೇಳಿದ್ರೆ ಯಾರೂ ಹೇಳುದಿಲ್ಲ. ಅವರನ್ನ ಒಮ್ಮೆ ಕಾಣ್ಬೇಕಂತಲೇ ಇವತ್ತು ಬಂದದ್ದು ನಾನು."

ಯಾರೂ ಏಳಲಿಲ್ಲ. ಹಿಂದಿನ ಸಾಲಿನವರೆಲ್ಲ ತಂತಮ್ಮ ಮಡಿಲು ನೋಡಿಕೊಂಡರು. ನನ್ನ ಕೈಚೀಲ ಒಮ್ಮೆಲೇ ಭಾರವಾದಂತಾಯಿತು.

ಸಂಘದ ಕಾರ್ಯದರ್ಶಿಗಳು ಮೈಕು ತೆಗೆದುಕೊಂಡು ನಕ್ಕರು. ಹಾಗಾದರೆ ಈಗ ಹೇಳಿಬಿಡುವುದೇ ಒಳ್ಳೆಯದು ಎಂದರು. ರಿಜಿಸ್ಟರಿನಲ್ಲಿ ಎಂಟು ವರ್ಷದಿಂದ ಒಂದೂ ಎಂಟ್ರಿ ಇಲ್ಲ, ಯಾರೂ ಓದದ ಪುಸ್ತಕಗಳು, ಅದರ ಮೇಲೆ ಈಗ ಗೀಚಿದ್ದೂ ಗೊತ್ತಾಯಿತು. ಸೌಂಡ್ ಸಿಸ್ಟಮ್ ಇಡಲು ಜಾಗ ಬೇಕು, ನಾಳೆ ಬೆಳಿಗ್ಗೆ ರದ್ದಿಯವನು ಬಂದು ಎರಡೂ ಕಪಾಟು ಖಾಲಿ ಮಾಡುತ್ತಾನೆ. ಕಮಿಟಿಯಲ್ಲಿ ಠರಾವು ಆಗಿದೆ.

ಪುಸ್ತಕದ ಸಭೆ ಕರೆದು, ಪುಸ್ತಕದ ಹೆಸರಿನಲ್ಲಿ ಶಾಲು ಹೊದ್ದು, ಅದೇ ಬಾಯಲ್ಲಿ ರದ್ದಿ ಎನ್ನುತ್ತಾರಲ್ಲ! ನಾನು ಎದ್ದುಬಿಟ್ಟೆ. ಯಾರೂ ಓದಿಲ್ಲ ಎಂದು ಹೇಗೆ ಹೇಳುತ್ತೀರಿ, ಇಲ್ಲಿ ನೋಡಿ ಸಾಕ್ಷಿ ಎಂದು ಚೀಲದಿಂದ ಪುಸ್ತಕ ಎಳೆದು, ನಲವತ್ತನೇ ಪುಟ ಬಿಡಿಸಿ ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದೆ.

ಹಿಡಿದ ಮೇಲೆ ನೆನಪಾಯಿತು.

"ಎಲ್ಲೈತ್ರಿ ಮೇಡಮ್ಮರ? ಬರೇ ಹಾಳಿ ಐತಲ್ಲ," ಎಂದರು ಕಾರ್ಯದರ್ಶಿಗಳು. ಮುಂದಿನ ಸಾಲು ಘೊಳ್ಳೆಂದು ನಕ್ಕಿತು. ಎತ್ತಿದ ಕೈ ಇಳಿಸುವುದೂ ಮರೆತೆ. ಜೀವಮಾನದಲ್ಲಿ ಅಷ್ಟು ನಾಚಿಕೆ ಆಗಿದ್ದಿಲ್ಲ.

ಆಗ ಸುಶೀಲಾ ಎದ್ದು ಬಂದಳು. ಸೆರಗು ಸರಿಮಾಡಿಕೊಂಡು, ಕುರ್ಚಿಗಳ ನಡುವೆ ನಿಧಾನವಾಗಿ ನಡೆದು ಬಂದು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡಳು. ರಶ್ಮಿಯ ಹತ್ತಿರ ಪೆನ್ನು ಕೇಳಿದಳು. ಪೆನ್ಸಿಲ್ ಅಲ್ಲ, ಪೆನ್ನು. ನಲವತ್ತನೇ ಪುಟದಲ್ಲಿ ಹಣಿಗೆ ಬರೆದು ಕೆಳಗೆ ಎರಡು ಗೆರೆ ಎಳೆದಳು.

"ಈ ಹಣಿಗಿ ನಂದ್ರಿ," ಎಂದಳು. "ರಿಜಿಸ್ಟರ್‌ನಾಗ ನಮ್ಮ ಹೆಸರಿಲ್ಲ, ನಮ್ಮ ಗಂಡಂದಿರ ಹೆಸರೈತಿ. ಅವರು ಬಂದು ಸಹಿ ಮಾಡ್ಲಿ ಅಂತ ಕುಂತಿದ್ರ ನಾವು ಒಂದು ಪುಸ್ತಕಾನೂ ಓದ್ತಿದ್ದಿಲ್ಲ."

ಅದನ್ನು ನಲವತ್ತನೇ ಪುಟದಲ್ಲಿ ಬಚ್ಚಿಡುವುದು ಯಾಕೆ ಎಂದು ಕಾರ್ಯದರ್ಶಿಗಳು ಕೇಳಿದರು.

"ಅಲ್ಲಿ ತನಕ ನೀವ್ಯಾರೂ ಬರಂಗಿಲ್ಲ ಅಂತ ಗೊತ್ತಿತ್ತರಿ."

ಈ ಸಲ ನಕ್ಕದ್ದು ಹಿಂದಿನ ಸಾಲು. ರಶ್ಮಿ ಸುಶೀಲಾಳ ಎರಡೂ ಕೈ ಹಿಡಿದುಕೊಂಡು ನಿಂತಳು. ಕನ್ನಡಕ ಹಾಕಿಕೊಂಡ ಒಬ್ಬ ಅಜ್ಜಿ ಬಂದು ಪೆನ್ನು ಇಸಕೊಂಡು ಹಣಿಗೆಯ ಪಕ್ಕದಲ್ಲಿ ಮೀನು ಬರೆದರು. ದೀಪ ಇದ್ದ ಜಾಗ ಖಾಲಿ ಉಳಿಯಿತು.

ಠರಾವು ಠರಾವೇ, ಬದಲಾಗುವುದಿಲ್ಲ ಎಂದರು ಕಾರ್ಯದರ್ಶಿಗಳು. ಬೇಡ ಬಿಡ್ರಿ, ನಾವೇ ಖಾಲಿ ಮಾಡುತ್ತೇವೆ ಎಂದು ಹೆಂಗಸರು ಕುರ್ಚಿ ಸರಿಸಿದರು. ಹೇರ್‌ಪಿನ್ನಿಗೆ ಬೀಗ ಚಕ್ಕನೆ ಬಿಚ್ಚಿಕೊಂಡಿತು. ನಾನು ನನ್ನ ಶಾಲು ತೆಗೆದು ನೆಲಕ್ಕೆ ಹಾಸಿದೆ. ಆಮೇಲೆ ವೇದಿಕೆಗೆ ಹೋಗಿ, ನಿಮ್ಮದೂ ಕೊಡಿ ಎಂದು ಒಬ್ಬೊಬ್ಬರ ಹೆಗಲಿನಿಂದ ಶಾಲು ಕೇಳಿ ಇಸಕೊಂಡೆ. ಕೊಡಲಾರೆ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ, ನನ್ನ ಮುಖ ಹಾಗಿತ್ತಂತೆ. ಹನ್ನೆರಡು ಶಾಲು, ಹನ್ನೆರಡು ಗಂಟು. ಊಟದ ಹೊತ್ತಿಗೆ ಎರಡೂ ಕಪಾಟಿನಲ್ಲಿ ಹಾಸಿದ್ದ ಹಳೆಯ ಪೇಪರು ಮಾತ್ರ ಉಳಿದಿತ್ತು. ಮೂರು ಗಂಟು ಆಟೋದಲ್ಲಿ ಸುಶೀಲಾಳ ಮನೆಗೆ ಬಂದವು, ಉಳಿದವನ್ನು ಹೆಂಗಸರು ಹಂಚಿಕೊಂಡು ಒಯ್ದರು.

ಆಟೋದಲ್ಲಿ ನಾನು, ದೀಪದವರು ಇವತ್ತು ಬಂದಿರಲಿಲ್ಲವೇ ಎಂದು ಕೇಳಿದೆ. ಸುಶೀಲಾ ಮಡಿಲಿನ ಗಂಟನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಆಕಿ ಹ್ವಾದ ದೀಪಾವಳಿಗೆ ತೀರಿಕೊಂಡ್ಲರಿ ಅಕ್ಕ. ಆಸ್ಪತ್ರಿಯೊಳಗ ಓದಿ ಮುಗಿಸಿದ್ದು ಅದೇ ಪುಸ್ತಕ. ಅದಕ್ಕ ಅದು ನಮ್ಮ ಮನ್ಯಾಗಿತ್ತು."

ಮೂವತ್ತು ವರ್ಷದಲ್ಲಿ ಸುಶೀಲಾ ನನ್ನ ಮೇಲೆ ಒಂದು ಸಲವೂ ಸಿಟ್ಟಾದವಳಲ್ಲ. ಈಗಲೂ ಆಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು. ಇಪ್ಪತ್ತಾರು ವರ್ಷ ನಾನು ಹುಡುಗಿಯರನ್ನು ಮೇಜಿನ ಮುಂದೆ ಸಾಲಾಗಿ ನಿಲ್ಲಿಸಿ, ಅವರ ಕೈಯಿಂದಲೇ ಪೆನ್ಸಿಲ್ ಗುರುತುಗಳನ್ನು ಅಳಿಸಿಸಿದ್ದೇನೆ. ಅಳುತ್ತ ಅಳಿಸಿದವರೂ ಇದ್ದರು. ಇದೇನು ಬರೆದಿದ್ದೀ ಎಂದು ಒಬ್ಬಳನ್ನಾದರೂ ಕೇಳಿದ್ದೆನೇ? ಮೂರ್ಖಳು ನಾನು, ಮೂರ್ಖಳು.

ಸೋಮವಾರ ಬೆಳಿಗ್ಗೆ ಸುಶೀಲಾ ನಾಂಪಲ್ಲಿಗೆ ಬಂದು ಗಾಡಿ ಹತ್ತಿಸಿದಳು. ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಿದ್ದಳು. ಗಾಡಿ ಹೊರಡಲು ಎರಡು ನಿಮಿಷ ಇರುವಾಗ ಕಿಟಕಿಯ ಸರಳಿನೊಳಗೆ ಕೈ ಚಾಚಿ, ಆ ರಬ್ಬರ್ ಕೊಡ್ರಿ ಅಕ್ಕ ಎಂದಳು. ಪರ್ಸು ತೆಗೆದು ಕೊಟ್ಟೆ. ಸವೆದು ಸವೆದು ಅದು ಹುಣಸೆಬೀಜದಷ್ಟಾಗಿತ್ತು. ಅವಳು ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

ಗಾಡಿ ಅಲುಗಿದಾಗ ಅವಳೂ ಜೊತೆಗೆ ನಾಲ್ಕು ಹೆಜ್ಜೆ ನಡೆದಳು.

"ಬಸ್ ಟಿಕೆಟ್ ಎಲ್ಲಿಟ್ಟೀರಿ ಅಂತ ನೋಡೀನ್ರಿ, ನಿಮ್ಮ ಪುಸ್ತಕದಾಗ ಇನ್ನ ನೂರಾ ಎಂಬತ್ತು ಪುಟ ಉಳದಾವು. ಮುಗಿಸಿದ ಮ್ಯಾಲೇ ಗೆರಿ ಹಾಕ್ರಿ ಅಕ್ಕ."